ಇಪ್ಪತ್ಮೂರು ಬೆರಳಿನ ಕೈ

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು. ನನಗೆ ನೆಂಟರನ್ನು ಮಾಡಿಕೊಳ್ಳುವ ಚಟ. ಹುಟ್ಟಿನಿಂದ ಬಂದ ನೆಂಟರ ಮಾತಲ್ಲ ಇದು; ಅವರ ವಿಷಯದಲ್ಲಿ ಯಾರ ಆಯ್ಕೆಯೂ ನಡೆಯುವುದಿಲ್ಲ. ರೈಲಿನಲ್ಲಿ, ಔಷಧದ ಅಂಗಡಿಯಲ್ಲಿ, ಪಂಚವಟಿಯ ತರಕಾರಿ ಗಾಡಿಗಳ ನಡುವೆ ಯಾರ ಬಾಯಿಂದಲಾದರೂ ಒಂದು ಕನ್ನಡ ಶಬ್ದ ಬಿದ್ದರೆ ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ. ಯಾವ ಊರು ಎಂದು ಕೇಳುತ್ತೇನೆ. ಬೀದರ್ ಜಿಲ್ಲೆ ಎಂದರೆ ಕಾಕಾ, ಕಲಬುರಗಿ ಎಂದರೆ ಮಾಮಾ, ಅದಕ್ಕೂ ಆಚೆ ಯಾದಗಿರಿ, ವಿಜಯಪುರ ಎಂದರೆ ದೂರದ ಮಾಮಾ. ಐದು ನಿಮಿಷದೊಳಗೆ ಅವರ ಅಕ್ಕನನ್ನು ಕೊಟ್ಟ ಊರಿಗೂ ನಮ್ಮ ದೊಡ್ಡವ್ವನ ತವರಿಗೂ ಒಂದು ಹಾದಿ ಹುಡುಕಿರುತ್ತೇನೆ. ಹಾದಿ ಸಿಗದಿದ್ದರೆ ನಾನೇ ಒಂದು ಹಾಕಿಬಿಡುತ್ತೇನೆ. ಇದರಲ್ಲಿ ತಮಾಷೆಯೆಂದರೆ ನನ್ನ ಉದ್ಯೋಗ. ನಾಸಿಕದ ಸಾತ್ಪುರದಲ್ಲಿ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಬೋಲ್ಟು ಎಷ್ಟೇ ಚೆನ್ನಾಗಿ ಹೊಳೆಯುತ್ತಿರಲಿ, ಮೂರು ಸಲ ಅಳೆಯದೆ ಮುಂದೆ ಕಳಿಸಿದವನಲ್ಲ. ಮನುಷ್ಯರನ್ನು ಮಾತ್ರ ಒಂದು ಸಲವೂ ಅಳೆಯದೆ ಮನೆಯೊಳಗೆ ಬಿಟ್ಟುಕೊಂಡಿದ್ದೇನೆ.

ಈ ಚಟ ಹತ್ತಿದ್ದು ಸಂಭಾಜಿನಗರದಲ್ಲಿ. ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು, ಈಗಲೂ ಅವಸರದಲ್ಲಿ ಬಾಯಿಗೆ ಅದೇ ಬರುತ್ತದೆ. ಬಸವಕಲ್ಯಾಣದ ಹತ್ತಿರದ ಹಳ್ಳಿಯಿಂದ ಹೊರಟು ವಾಳೂಜಿನ ಕಾರ್ಖಾನೆ ಸೇರಿದ್ದೆ. ಮದುವೆಯಾಗಿರಲಿಲ್ಲ. ತಗಡಿನ ಛಾವಣಿಯ ಕೋಣೆಯಲ್ಲಿ ನಾಲ್ವರು; ಉಳಿದ ಮೂವರ ಮರಾಠಿ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಮರಾಠಿ ಅವರಿಗೆ ಅಷ್ಟೂ ಅರ್ಥವಾಗುತ್ತಿರಲಿಲ್ಲ. ಒಂದು ತಿಂಗಳು ಕನ್ನಡ ಕಿವಿಗೆ ಬಿದ್ದಿರಲಿಲ್ಲ. ಆಗೊಂದು ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯ ತನ್ನ ಹೆಂಡತಿಯನ್ನು ಅಪ್ಪಟ ಬೀದರ್ ಕನ್ನಡದಲ್ಲಿ ಬೈಯುತ್ತಿದ್ದ. ಬೈಗುಳ ಅಷ್ಟು ಹಿತವಾಗಿ ಕೇಳಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಹತ್ತಿರ ಹೋಗಿ ನಿಂತೆ, ಮಾತಾಡಿಸಿದೆ. ಅವರು ಗಂಗಾಪುರಕ್ಕೆ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಲು ಹೊರಟಿದ್ದರು. ‘ಬಾ ತಮ್ಮಾ, ಊಟ ಮಾಡಿ ಬರೀಯಂತ’ ಎಂದರು. ಹೋದೆ. ಗಂಗಾಪುರ ಯಾವ ದಿಕ್ಕಿಗಿದೆ ಎಂಬುದೂ ತಿಳಿಯದ ನಾನು, ಹೆಸರೂ ಕೇಳದ ಮನುಷ್ಯನ ಹಿಂದೆ ಬಸ್ಸು ಹತ್ತಿ ಹೋಗಿ, ಗೋಧಿ ಹುಗ್ಗಿ ಉಂಡು, ಮಗುವಿನ ಕಿವಿಯಲ್ಲಿ ಹೆಸರು ಕೂಗುವಾಗ ಸೋದರಮಾವನ ಪಕ್ಕದಲ್ಲಿ ನಿಂತು ಬಂದೆ. ಆ ಹುಗ್ಗಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಅಂದಿನಿಂದ ಕನ್ನಡ ಮಾತಾಡುವವರೆಲ್ಲ ಒಳ್ಳೆಯವರು ಎಂಬುದು ನನ್ನ ತಪಾಸಣೆಯ ಏಕೈಕ ನಿಯಮವಾಯಿತು.

ಮದುವೆಯಾಗಿ, ನಾಸಿಕಕ್ಕೆ ಬಂದು, ಮಗಳು ಗೌರಿ ಹುಟ್ಟಿದ ಮೇಲೆ ಚಟ ಇನ್ನೂ ಜೋರಾಯಿತು. ಊರಿನಲ್ಲಿ ನನಗೆ ಓಣಿ ತುಂಬ ಕಾಕಾಗಳಿದ್ದರು. ಯಾರ ಮನೆಯಲ್ಲಾದರೂ ಉಣ್ಣಬಹುದಿತ್ತು, ಯಾರಾದರೂ ಕಿವಿ ಹಿಂಡಬಹುದಿತ್ತು. ನನ್ನ ಮಗಳಿಗೆ ಮೂರನೇ ಮಹಡಿಯ ಎರಡು ಕೋಣೆ ಬಿಟ್ಟರೆ ಯಾರಿದ್ದಾರೆ ಎಂದು ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಸಿಕ್ಕವರನ್ನೆಲ್ಲ ಅವಳಿಗೆ ನೆಂಟರನ್ನಾಗಿ ಒದಗಿಸತೊಡಗಿದೆ. ಹೆದ್ದಾರಿಯಲ್ಲಿ ಕೆ.ಎ. ಮೂವತ್ತೆಂಟು ನಂಬರಿನ, ಅಂದರೆ ನಮ್ಮ ಬೀದರಿನ ಲಾರಿ ಕಂಡರೆ ಸ್ಕೂಟರ್ ನಿಲ್ಲಿಸಿ, ‘ಗೌರಿ, ಕಾಕಾಗ ಶರಣು ಮಾಡು’ ಎನ್ನುತ್ತಿದ್ದೆ. ಗೌರಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಅವಳು ಕೈ ಮುಗಿಯುತ್ತಿದ್ದಳು. ಲಾರಿಯ ಕಾಕಾ ಕೆನ್ನೆ ಹಿಂಡುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಕಣ್ಣಲ್ಲೂ ಬರುತ್ತಿತ್ತು, ಆದರೆ ಅದು ಕೆನ್ನೆಯ ನೋವಿಗೆ ಎಂದು ನನಗೆ ಹೊಳೆಯಲಿಲ್ಲ. ನನ್ನ ಹೆಂಡತಿ ಸುಮಂಗಲಾ ಪಕ್ಕದಲ್ಲಿದ್ದರೆ ಸುಮ್ಮನೆ ಸ್ಕೂಟರಿನ ಕನ್ನಡಿಯಲ್ಲಿ ತನ್ನ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಅವಳು ಮಾತಾಡದೆ ಸೆರಗು ಸರಿಪಡಿಸಿಕೊಂಡರೆ ಏನರ್ಥವೆಂದು ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಹೀಗಿರುವಾಗ ಗೌರಿಯ ಶಾಲೆಯಿಂದ ಒಂದು ಚೀಟಿ ಬಂತು. ಮೂರನೆಯ ತರಗತಿಯ ಮಕ್ಕಳ ಭಾವನೆ ಮತ್ತು ಸುರಕ್ಷತೆಯ ಬಗ್ಗೆ ಶನಿವಾರ ಸಭೆಯಿದೆ, ಪಾಲಕರಿಬ್ಬರೂ ಬರಬೇಕು. ನಾನು ನಕ್ಕೆ. ನಮ್ಮ ಕಾಲದಲ್ಲಿ ಶಾಲೆಗೆ ಭಾವನೆ ಒಯ್ಯುವ ಪದ್ಧತಿಯೇ ಇರಲಿಲ್ಲ. ಪಾಟಿ, ಬಳಪ, ಕೂರಲು ಗೋಣಿತಟ್ಟು ಒಯ್ದರೆ ಸಾಕಿತ್ತು. ಮನೆಯಲ್ಲೂ ಮಕ್ಕಳಿಗೆ ಮಂಜೂರಾಗಿದ್ದ ಭಾವನೆಗಳು ಎರಡೇ, ಹಸಿವು ಮತ್ತು ನಿದ್ದೆ. ಮೂರನೆಯದು ಯಾವುದಾದರೂ ಕಾಣಿಸಿಕೊಂಡರೆ ನಮ್ಮವ್ವ ಹಣೆಗೆ ಕೈಯಿಟ್ಟು ನೋಡಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ಶನಿವಾರ ಹೋದೆವು. ಎಂಟು ವರ್ಷದವರಿಗಾಗಿ ಮಾಡಿದ ಬೆಂಚಿನಲ್ಲಿ ಕೂತಾಗ ನನ್ನ ಮೊಣಕಾಲುಗಳು ಗಲ್ಲದ ಹತ್ತಿರ ಬಂದವು. ವೈಶಾಲಿ ಟೀಚರ್ ಚಿಕ್ಕ ವಯಸ್ಸಿನವರು, ಮೆತ್ತಗಿನ ಮರಾಠಿ. ಗೋಡೆಯ ಮೇಲೆ ನಗುವ, ಅಳುವ, ಸಿಟ್ಟಿನ, ಹೆದರಿದ ಮುಖಗಳ ದೊಡ್ಡ ಹಾಳೆ ತೂಗುಹಾಕಿದ್ದರು. ಪ್ರತಿಯೊಬ್ಬ ಪಾಲಕರೂ ಎದ್ದು ಈಗ ನಿಮಗೆ ಹೇಗೆನಿಸುತ್ತಿದೆಯೋ ಆ ಮುಖವನ್ನು ತೋರಿಸಿ ಎಂದರು. ಸುಮಂಗಲಾ ಹೋಗಿ ಯೋಚಿಸದೆ ‘ದಣಿವು’ ಎಂಬ ಮುಖದ ಮೇಲೆ ಬೆರಳಿಟ್ಟು ಬಂದಳು. ನನ್ನ ಸರದಿ ಬಂದಾಗ, ಎಲ್ಲ ಸರಿ ಇದೆ ಎಂದೆ. ಟೀಚರ್ ನಕ್ಕು, ಅದು ಭಾವನೆಯಲ್ಲ ಸರ್, ಅದು ವರದಿ ಎಂದರು. ಕಾರ್ಖಾನೆಯಲ್ಲಿ ಯಾರೂ ನನ್ನನ್ನು ಅಷ್ಟು ಬೇಗ ಹಿಡಿದಿರಲಿಲ್ಲ.

ಆಮೇಲೆ ಮಕ್ಕಳು ಮಾಡಿದ ಕೆಲಸವನ್ನು ತೋರಿಸಿದರು. ಪ್ರತಿ ಮಗುವೂ ತನ್ನ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದಿತ್ತು. ಬೆರಳಿಗೊಂದರಂತೆ ಐದು ಹೆಸರು. ಹೆದರಿಕೆಯಾದಾಗ, ಏನಾದರೂ ಕೆಡುಕೆನಿಸಿದಾಗ ಯಾರ ಹತ್ತಿರ ಓಡಿಹೋಗಿ ಹೇಳಬಹುದೋ ಅವರ ಹೆಸರು. ಉಳಿದ ಮಕ್ಕಳದು ಒಂದೊಂದೇ ಹಾಳೆ. ಗೌರಿಯದು ಮೂರು ಹಾಳೆಗಳನ್ನು ಅಂಟುಪಟ್ಟಿಯಿಂದ ಜೋಡಿಸಿದ್ದು. ಅವಳ ಕೈಗೆ ಇಪ್ಪತ್ಮೂರು ಬೆರಳುಗಳಿದ್ದವು. ಔಷಧದ ಅಂಗಡಿ ಕಾಕಾ, ಲಾರಿ ಕಾಕಾ ಒಂದು, ಲಾರಿ ಕಾಕಾ ಎರಡು, ಸೈಟಿನ ಮೇಸ್ತ್ರಿ ಮಾಮಾ, ಹಲ್ಲಿನ ಡಾಕ್ಟರ ಹತ್ತಿರ ಸಿಕ್ಕ ಮಾಮಾ. ನನ್ನೆದೆ ಉಬ್ಬಿತು. ಇಡೀ ತರಗತಿಯಲ್ಲಿ ಇಷ್ಟು ದೊಡ್ಡ ಕುಟುಂಬ ಯಾರಿಗಿದೆ ಎಂದು ಅಕ್ಕಪಕ್ಕದವರ ಮುಖ ನೋಡಿದೆ. ಹಾಗೆ ನೋಡುವಾಗ ಸುಮಂಗಲಾ ಸೆರಗು ಸರಿಪಡಿಸಿಕೊಳ್ಳುತ್ತಿರುವುದು ಕಾಣಿಸಿತು.

ಸಭೆ ಮುಗಿದ ಮೇಲೆ ಟೀಚರ್ ನಮ್ಮಿಬ್ಬರನ್ನು ನಿಲ್ಲಿಸಿಕೊಂಡರು. ಈ ಇಪ್ಪತ್ಮೂರರಲ್ಲಿ ನಿಮಗೆ ಮನೆ ಗೊತ್ತಿರುವವರು ಎಷ್ಟು ಜನ ಎಂದು ಕೇಳಿದರು. ನಾನು ಲೆಕ್ಕ ಹಾಕಲು ಹೊರಟೆ. ಮೂರಕ್ಕೆ ನಿಂತಿತು, ಅದರಲ್ಲಿ ಒಂದು ಅನುಮಾನ. ಈ ಪಟ್ಟಿಯ ಬಗ್ಗೆ ಟೀಚರ್ ಗೌರಿಯನ್ನು ಕೇಳಿದಾಗ, ‘ಹೀ ಯಾದೀ ಪಪ್ಪಾಂಚೀ ಆಹೇ’, ಇದು ಪಪ್ಪನ ಪಟ್ಟಿ, ಎಂದಳಂತೆ. ಬಳಿಕ ಟೀಚರ್ ಇನ್ನೊಂದು ಹಾಳೆ ತೆಗೆದರು. ಯಾವಾಗ ಭಯವಾಗಿತ್ತು, ಚಿತ್ರ ಬರೆಯಿರಿ ಎಂದು ಕೊಟ್ಟ ಹಾಳೆ. ಅದರಲ್ಲಿ ಒಂದು ಬೆಂಚು, ಬೆಂಚಿನ ಈ ತುದಿಯಲ್ಲಿ ಚೀಲ ಅಪ್ಪಿಕೊಂಡ ಪುಟ್ಟ ಹುಡುಗಿ, ಆ ತುದಿಯಲ್ಲಿ ದೊಡ್ಡ ಗಂಡಸು, ಮೇಲೆ ಗಡಿಯಾರ. ಕೆಳಗೆ ಮರಾಠಿಯಲ್ಲಿ, ಮನ್ಮಾಡ್, ಪಪ್ಪಾ ಕಾಣಿಸುತ್ತಿಲ್ಲ, ಎಂದು ಬರೆದಿದ್ದಳು.

ಮನ್ಮಾಡ್ ನನಗೆ ನೆನಪಿತ್ತು. ಬಹಳ ಸಂತೋಷದ ನೆನಪಾಗಿ ಇತ್ತು, ಅದೇ ಕಷ್ಟ. ದೀಪಾವಳಿ ರಜೆಗೆ ಸುಮಂಗಲಾ ಮೊದಲೇ ತವರಿಗೆ ಹೋಗಿದ್ದಳು. ನಾನೂ ಗೌರಿಯೂ ಮನ್ಮಾಡಿನಲ್ಲಿ ಗಾಡಿ ಬದಲಿಸಲು ಕೂತಿದ್ದೆವು. ಬೆಂಚಿನ ಆ ತುದಿಯವನು ಫೋನಿನಲ್ಲಿ ‘ಹೂಂ ರೀ, ಮನ್ಮಾಡ ಬಂದೀನಿ, ಗಾಡಿ ಇನ್ನಾ ಬಂದಿಲ್ಲ’ ಎಂದ. ಮುಗಿಯಿತು. ಎರಡು ನಿಮಿಷದಲ್ಲಿ ಅವನ ಭಾವಮೈದುನನ ಊರು ನಮ್ಮೂರಿನ ಮುಂದಿನ ಸ್ಟಾಪ್ ಎಂದು ಗೊತ್ತಾಯಿತು. ‘ಗೌರಿ, ಕಾಕಾನ ಬಾಜೂಕ ಕೂಡು, ಚಾ ತರ್ತೀನಿ’ ಎಂದು ಎದ್ದೆ. ಚಹದ ಗಾಡಿಯ ಹತ್ತಿರ ಹುಮನಾಬಾದಿನವನೊಬ್ಬ ಸಿಕ್ಕ. ಅವನ ಮಾವನ ಕಾಯಿಲೆಯ ವಿಷಯ ಪೂರ್ತಿ ಕೇಳಿ ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಬಂದಾಗ ಗೌರಿ ಕೂತಲ್ಲೇ ಕೂತಿದ್ದಳು. ಆ ಮನುಷ್ಯ ಬಿಸ್ಕೀಟು ಕೊಟ್ಟರೆ ತಿಂದಿರಲಿಲ್ಲ. ನಾಚಿಕೆ ಸ್ವಭಾವ ಎಂದು ಅವನಿಗೆ ಹೇಳಿ ನಗಾಡಿದೆ. ಆತ ಒಳ್ಳೆಯವನೇ, ನಮ್ಮ ಟ್ರಂಕನ್ನು ಗಾಡಿಗೆ ಏರಿಸಿಕೊಟ್ಟ. ಆದರೆ ಆತ ಒಳ್ಳೆಯವನೆಂದು ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಎದ್ದುಹೋಗುವಾಗ ನನಗೂ ಗೊತ್ತಿರಲಿಲ್ಲ.

ಟೀಚರ್ ಬೈಯಲಿಲ್ಲ. ಐದೇ ಬೆರಳಿನ ಹೊಸ ಹಾಳೆಯೊಂದನ್ನು ಕೊಟ್ಟು, ಇದನ್ನು ಅವಳೇ ತುಂಬಲಿ, ನಿಧಾನವಾಗಿ ತುಂಬಲಿ, ಯಾರ ಹೆಸರನ್ನೂ ನೀವು ಸೂಚಿಸಬೇಡಿ ಎಂದರು. ಇನ್ನೊಂದು ಮಾತು ಹೇಳಿದರು: ಮಕ್ಕಳಿಗೆ ಹೆದರಿಕೆಯಾಗಿದ್ದನ್ನು ದೊಡ್ಡವರು ನಕ್ಕು ಮರೆಸಿದರೆ ಅವು ಮುಂದೆ ಹೇಳುವುದನ್ನೇ ಬಿಟ್ಟುಬಿಡುತ್ತವೆ. ಆ ಮಾತು ಕೇಳುತ್ತ ಆ ಗಿಡ್ಡ ಬೆಂಚಿನ ಮೇಲೆ ಮತ್ತೆ ಕೂತುಬಿಟ್ಟೆ. ಮೂವತ್ತೈದು ವರ್ಷದ ಹಿಂದಿನ ಒಂದು ಬಸ್ಸು ನೆನಪಾಯಿತು.

ನಾನಾಗ ಗೌರಿಯ ವಯಸ್ಸಿನವನು. ನಮ್ಮ ಕಡೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವ ರೀತಿ ಸುಲಭವಾಗಿತ್ತು. ಅಪ್ಪ ಬಸವಕಲ್ಯಾಣದ ಸ್ಟ್ಯಾಂಡಿಗೆ ಒಯ್ದು, ಕಂಡಕ್ಟರನಿಗೆ ‘ಇವನ್ನ ರಾಜೇಶ್ವರದಾಗ ಇಳಸ್ರಿ’ ಎಂದು ಒಪ್ಪಿಸಿಬಿಡುತ್ತಿದ್ದ. ಅಲ್ಲಿ ಸೋದರಮಾವ ಸೈಕಲ್ಲು ಹಿಡಿದು ನಿಂತಿರುತ್ತಿದ್ದ. ಕಂಡಕ್ಟರನ ಹೆಸರು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಕಾಕಾ ಎಂಬುದಂತೂ ಖಾತ್ರಿ. ಡ್ರೈವರನ ಪಕ್ಕ, ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಹಾಸಿದ ಗೋಣಿಚೀಲದ ಮೇಲೆ ಕೂತು, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ವಾಸನೆ ನೋಡುತ್ತ ಹೋಗುವ ಆ ಸುಖ ಈಗ ಯಾವ ಗಾಡಿಯಲ್ಲೂ ಇಲ್ಲ. ಒಂದು ಸಲ ಕಂಡಕ್ಟರ್ ಮರೆತ. ನಾನು ಕೇಳಲಿಲ್ಲ, ಏಕೆಂದರೆ ಕಾಕಾ ಹೇಳುವ ತನಕ ಏಳಬೇಡ ಎಂದು ಅಪ್ಪ ಹೇಳಿದ್ದ. ಬಸ್ಸು ಹುಮನಾಬಾದಿಗೆ ಹೋಗಿ ನಿಂತಿತು, ಎಲ್ಲರೂ ಇಳಿದರು, ಡ್ರೈವರನೂ ಇಳಿದು ಚಹಕ್ಕೆ ಹೋದ. ಖಾಲಿ ಬಸ್ಸಿನಲ್ಲಿ ನಾನು ಕೂತೇ ಇದ್ದೆ. ಹೋಳಿಗೆಯ ಗಂಟನ್ನು ಹೇಗೆ ಅಪ್ಪಿಕೊಂಡಿದ್ದೆನೋ, ಆಮೇಲೆ ಬಿಚ್ಚಿದಾಗ ಬರೀ ಪುಡಿಯಿತ್ತು. ಕೊನೆಗೆ ಕಂಡಕ್ಟರ್ ನನ್ನನ್ನು ಕಂಡು ಹೌಹಾರಿ, ಭಜಿ ಕೊಡಿಸಿ, ತಿರುಗಿ ಹೋಗುವ ಬಸ್ಸಿಗೆ ಹತ್ತಿಸಿದ. ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. ‘ನಮ್ಮ ಸಾಹೇಬ್ರು ಹುಮನಾಬಾದ ನೋಡಿ ಬಂದ್ರು’ ಎಂದು ಮದುವೆ ಮುಂಜಿಗಳಲ್ಲಿ ವರ್ಷಗಟ್ಟಲೆ ಹೇಳಿ ನಕ್ಕರು. ನಾನೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಕ್ಕು ನಕ್ಕು, ಅಂದು ಅತ್ತಿದ್ದೆ ಎಂಬುದನ್ನು ನಾನೇ ಮರೆತಿದ್ದೆ.

ಹೊಸ ಹಾಳೆ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಹೆಬ್ಬೆರಳಿಗೆ ಮಮ್ಮಿ ಎಂದು ಆ ಸಂಜೆಯೇ ಬಂತು. ಮರುದಿನ ತೋರುಬೆರಳಿಗೆ ವೈಶಾಲಿ ಟೀಚರ್. ಮಂಗಳವಾರ ನಡುಬೆರಳಿಗೆ ಭಾಲ್ಕಿಯ ಅಜ್ಜಿ, ಅಂದರೆ ಸುಮಂಗಲಾಳ ತಾಯಿ. ಪಾಪ, ಆಕೆ ಸಿಗುವುದು ಫೋನಿನಲ್ಲಿ, ಅದೂ ನೆಟ್‌ವರ್ಕ್ ಇದ್ದರೆ. ಬುಧವಾರ ಉಂಗುರಬೆರಳಿನಲ್ಲಿ ಶಾಂತಮ್ಮ ಎಂಬ ಹೆಸರು ಕಂಡು ನಾನು ದಂಗಾದೆ. ಎದುರಿಗೆ ಮನೆಗಳನ್ನು ಕಟ್ಟುತ್ತಿರುವ ಸೈಟಿನಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಮರಳು ಜರಡಿ ಹಿಡಿಯುವುದನ್ನು ನೋಡಿದ್ದೆ. ಅವಳ ಮೇಸ್ತ್ರಿಯನ್ನು ಮಾಮಾ ಮಾಡಿದ್ದೆನೇ ಹೊರತು ಅವಳನ್ನು ಏನೂ ಮಾಡಿರಲಿಲ್ಲ. ನನ್ನ ಶಿಫಾರಸ್ಸಿಲ್ಲದೆ ಈಕೆ ಹೇಗೆ ಒಳಗೆ ಬಂದಳು? ಸುಮಂಗಲಾಳನ್ನು ಕೇಳಿದರೆ ಅವಳಿಗೆ ಎಲ್ಲ ಗೊತ್ತಿತ್ತು. ಶಾಲೆಯ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ, ಸೈಟಿನ ಹತ್ತಿರ. ಒಂದು ದಿನ ಸುಮಂಗಲಾ ಬರುವುದು ತಡವಾದಾಗ ಗೌರಿ ರಸ್ತೆಯಂಚಿನಲ್ಲಿ ನಿಂತಿದ್ದಳಂತೆ. ಶಾಂತಮ್ಮ ಬಂದು, ‘ಕೈ ಹಿಡೀಲೇನವ್ವಾ, ಇಲ್ಲಾ ನಿಮ್ಮವ್ವ ಬರೋತನ ಇಲ್ಲೇ ನಿಂದ್ರೂಣೇನು?’ ಎಂದು ಕೇಳಿದಳಂತೆ. ಗೌರಿ ನಿಲ್ಲೋಣ ಎಂದಳು. ಇಬ್ಬರೂ ನಿಂತರು, ಅಷ್ಟೇ. ನನ್ನ ಇಪ್ಪತ್ಮೂರು ಜನರಲ್ಲಿ ಗೌರಿಗೆ ಏನು ಬೇಕೆಂದು ಅವಳನ್ನೇ ಕೇಳಿದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಉಳಿದದ್ದು ಕಿರುಬೆರಳು. ಗುರುವಾರ ಖಾಲಿ, ಶುಕ್ರವಾರ ಖಾಲಿ. ನಾನು ದಿನಕ್ಕೆ ಹತ್ತು ಸಲ ಫ್ರಿಜ್ಜಿನ ಹತ್ತಿರ ಹೋಗಿ ನೀರು ಕುಡಿಯತೊಡಗಿದೆ. ಹೆಸರು ಸೂಚಿಸಬಾರದು ಎಂದಿದ್ದರೇ ಹೊರತು ಕುಲ್ಫಿ ತರಬಾರದು ಎಂದಿರಲಿಲ್ಲ, ತಂದೆ. ತಿಂದಳು. ಕಿರುಬೆರಳು ಹಾಗೇ ಇತ್ತು. ‘ಹೊಟ್ಟಿ ಕೆಟ್ಟೀತು, ಎಷ್ಟು ನೀರು ಕುಡೀತೀರಿ’ ಎಂದು ಸುಮಂಗಲಾ ಅಂದಳು. ಇದುವರೆಗೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಕಾದಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ಕೂಡ.

ಭಾನುವಾರ ಸಂಜೆ ಬಾಲ್ಕನಿಯಲ್ಲಿ ಕೂತು ಅವಳ ಶಾಲೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದೆ. ಅವಳು ಪಕ್ಕದಲ್ಲಿ ಸಾಕ್ಸುಗಳ ಜೋಡಿ ಹುಡುಕುತ್ತಿದ್ದಳು. ಬೂಟಿನ ಕಡೆಗೇ ನೋಡುತ್ತ ಹುಮನಾಬಾದಿನ ಬಸ್ಸಿನ ಕತೆ ಹೇಳಿದೆ. ಅಭ್ಯಾಸಬಲದಿಂದ ತಮಾಷೆಯಾಗಿಯೇ ಶುರುಮಾಡಿದ್ದೆ. ಡ್ರೈವರ್ ಇಳಿದುಹೋದಲ್ಲಿಗೆ ಬಂದಾಗ ತಮಾಷೆ ಮುಂದೆ ಸಾಗಲಿಲ್ಲ. ಗೌರಿ ಸಾಕ್ಸು ಬಿಟ್ಟು ನನ್ನನ್ನೇ ನೋಡಿದಳು.

‘ಮಗ ಕೋಣಾಲಾ ಸಾಂಗಿತಲಂ?’ ಎಂದಳು. ಆಮೇಲೆ ಯಾರಿಗೆ ಹೇಳಿದೆ ಎಂದು.

‘ಯಾರಿಗೂ ಹೇಳಲಿಲ್ಲವ್ವಾ. ಈಗ ನಿನಗೇ ಹೇಳ್ಲತ್ತೀನಿ’ ಎಂದೆ. ಬೂಟನ್ನು ಕೆಳಗಿಟ್ಟೆ. ‘ಮನ್ಮಾಡದಾಗ ನಿನಗ ಬಿಟ್ಟು ಹೋದೆ. ತಪ್ಪಾಯ್ತು.’

ನಮ್ಮ ಮನೆತನದಲ್ಲಿ ತಪ್ಪಾಯ್ತು ಎಂಬ ಮಾತನ್ನು ದೇವರ ಮುಂದೆ ಮಾತ್ರ ಹೇಳುತ್ತಿದ್ದೆವು, ಅದೂ ತೆಂಗಿನಕಾಯಿ ಕೆಟ್ಟು ಬಂದಾಗ. ನಮ್ಮಪ್ಪ ನನಗೆ ಹೇಳಿರಲಿಲ್ಲ, ಅವನಿಗೆ ಅವನಪ್ಪ ಹೇಳಿರಲಿಕ್ಕಿಲ್ಲ. ಹೇಳಿದ ಮೇಲೆ ನನಗೆ ಅವರೆಲ್ಲರ ಮೇಲೂ ವಿಪರೀತ ಪ್ರೀತಿ ಬಂತು. ಪಾಪ, ಅವರಿಗೆ ಯಾರೂ ಮುಖಗಳ ಹಾಳೆ ತೋರಿಸಿರಲಿಲ್ಲ. ಗೌರಿ ನನ್ನ ಕೈಯ ಬ್ರಷ್ಷು ತೆಗೆದುಕೊಂಡು ಇನ್ನೊಂದು ಬೂಟನ್ನು ತಾನೇ ತಿಕ್ಕಿದಳು, ಅರ್ಧ ಪಾಲಿಶು ತನ್ನ ಫ್ರಾಕಿಗೆ ಹತ್ತಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಕಿರುಬೆರಳು ತುಂಬಿತ್ತು. ಬೆರಳು ಸಣ್ಣದು, ಬರಹ ಅದಕ್ಕಿಂತ ಸಣ್ಣದು. ಕನ್ನಡಕ ಹಾಕಿಕೊಂಡು ಓದಿದೆ. ಪಪ್ಪಾ, ಎಂದಿತ್ತು. ಅದರ ಕೆಳಗೆ ಮರಾಠಿಯಲ್ಲಿ, ಮಮ್ಮಿ ಜೊತೆಗಿದ್ದರೆ, ಎಂದಿತ್ತು. ಕಾರ್ಖಾನೆಯಲ್ಲಿ ಇಂಥ ಮಾಲಿಗೆ ನಾವು ಹಳದಿ ಚೀಟಿ ಅಂಟಿಸುತ್ತೇವೆ. ತೆಗೆದುಕೊಳ್ಳಬಹುದು, ಆದರೆ ಮೇಲೆ ಒಂದು ಕಣ್ಣಿರಬೇಕು ಎಂದು ಅದರರ್ಥ. ನನಗೆ ಹಳದಿ ಚೀಟಿ ಸಿಕ್ಕಿತ್ತು. ಅಂದು ಕೆಲಸಕ್ಕೆ ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತು ಒಬ್ಬನೇ ನಗುತ್ತಿದ್ದೆನೆಂದು ಸಹೋದ್ಯೋಗಿಯೊಬ್ಬ ವರದಿ ಮಾಡಿದ.

ಮೊನ್ನೆ ನಾದಿನಿಯ ಮದುವೆಗೆ ಪೈಠಣಿ ಸೀರೆ ತರಲು ಮೂವರೂ ಯೇವಲಾಕ್ಕೆ ಹೋಗಿದ್ದೆವು. ನೇಕಾರರ ಮನೆಗಳಲ್ಲಿ ಮೂರು ಗಂಟೆ ಸೀರೆ ನೋಡಿ, ಮೊದಲು ನೋಡಿದ್ದನ್ನೇ ತೆಗೆದುಕೊಂಡು ಹೊರಗೆ ಬಂದಾಗ ಸಂಭಾಜಿನಗರದ ರಸ್ತೆಯ ಬದಿಗೆ ಒಂದು ಲಾರಿ ನಿಂತಿತ್ತು. ಕೆ.ಎ. ಮೂವತ್ತೆಂಟು. ಡ್ರೈವರ್ ನೆರಳಿನಲ್ಲಿ ಕೂತು ಯಾರಿಗೋ ಫೋನಿನಲ್ಲಿ, ಹಸುವಿಗೆ ಹಿಂಡಿ ಇಟ್ಟಿರಾ ಎಂದು ಕನ್ನಡದಲ್ಲಿ ಕೇಳುತ್ತಿದ್ದ. ನನ್ನ ಕಾಲು ತಿರುಗಿತು. ತಿರುಗಿದ ಕಾಲನ್ನು ಹಿಡಿದು ನಿಲ್ಲಿಸಿದೆ. ಅದು ಯಾರು ಎಂದು ಗೌರಿ ಕೇಳಿದಳು. ಗೊತ್ತಿಲ್ಲ ಎಂದೆ. ಕನ್ನಡ ಮಾತಾಡುವ ಮನುಷ್ಯನೊಬ್ಬನ ಬಗ್ಗೆ ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳುವಾಗ ಮುಖ ಸಣ್ಣಗಾಗಿದ್ದಿರಬೇಕು. ಗೌರಿ ನನ್ನನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ, ತನ್ನ ಗಡಿಯಾರ ನೋಡಿಕೊಂಡಳು. ಮಮ್ಮಿಯ ಕೈ ಹಿಡಿದುಕೊಂಡಳು. ಆಮೇಲೆ ಅವಳು ಹುಟ್ಟಿದಾರಭ್ಯ ನಾನು ಕಾಯುತ್ತಿದ್ದ ಒಂದು ಪೂರ್ತಿ ಕನ್ನಡದ ಮಾತನ್ನು, ಒಂದೊಂದೇ ಶಬ್ದ ಹುಡುಕಿ ಹೇಳಿದಳು.

‘ಹೋಗು ಪಪ್ಪಾ. ಹತ್ತು ನಿಮಿಷ. ಆದ್ರ ಅವ್ರು ಬಾ ಅಂದ್ರ ಹೋಗಬ್ಯಾಡ.’

ಹೋದೆ. ಔರಾದಿನ ಕಡೆಯವನು. ಐದೇ ನಿಮಿಷದಲ್ಲಿ ಅವನ ಚಿಕ್ಕಪ್ಪನಿಗೂ ನಮ್ಮ ದೊಡ್ಡವ್ವನ ತವರಿಗೂ ಹಾದಿ ಸಿಕ್ಕಿತು. ಕ್ಯಾಬಿನ್ನಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇದೆ, ಮೇಲೆ ಬರ್ರಿ ಎಂದ. ಪುಂಡಿಪಲ್ಯ ಎಂದ ಕೂಡಲೇ ಗಂಗಾಪುರದ ಹುಗ್ಗಿಯಿಂದ ಹಿಡಿದು ಎಲ್ಲವೂ ಒಟ್ಟಿಗೆ ನೆನಪಾಗಿ ನನ್ನ ಒಂದು ಕಾಲು ಲಾರಿಯ ಮೆಟ್ಟಿಲ ಮೇಲೆ ಹೋಗಿತ್ತು. ‘ತಡೀರಿ’ ಎಂದೆ, ‘ಮಗಳಿಗೆ ಕೇಳಬೇಕು.’ ನಲವತ್ನಾಲ್ಕು ವರ್ಷದ ಗಂಡಸು ಹಾಗೆಂದದ್ದಕ್ಕೆ ಅವನಿಗೇನನಿಸಿತೋ. ತಿರುಗಿ ನೋಡಿದೆ. ರಸ್ತೆಯ ಆಚೆ ಸುಮಂಗಲಾ ಸೆರಗಿನ ಗೊಡವೆಗೇ ಹೋಗದೆ ನಗುತ್ತಿದ್ದಳು. ಗೌರಿ ಕೈಯೆತ್ತಿ ಐದೂ ಬೆರಳು ತೋರಿಸಿದಳು, ಇನ್ನು ಐದೇ ನಿಮಿಷ ಎಂದು. ಕಾಲನ್ನು ಮೆಟ್ಟಿಲಿಂದ ಕೆಳಗಿಳಿಸಿದೆ. ಅಷ್ಟು ದೂರದಿಂದ ನನಗೆ ಕಂಡದ್ದು ಅವಳ ಕಿರುಬೆರಳೊಂದೇ.